ಒಲೆ ಇದ್ದ ಜಾಗದ ಸೀಟು

ಮಾವ ನನ್ನ ಜೊತೆ ಮಾತು ಬಿಟ್ಟಿದ್ದು ನಾನು ಅವರ ಒಲೆ ಕಿತ್ತ ದಿನ. ಮನೆಯ ಒಲೆಯಲ್ಲ, ರೈಲಿನದು. ಮದುವೆಯಾದಾಗಿನಿಂದ ಮಗಳ ಹಾಗೆ ನೋಡಿಕೊಂಡವರು ಒಂದೇ ದಿನಕ್ಕೆ ನನ್ನನ್ನು ಹೊರಗಿನವಳನ್ನಾಗಿ ಮಾಡಿಬಿಟ್ಟರು.

ಬೋಗಿ ರಿಪೇರಿಯ ವರ್ಕ್‌ಶಾಪಿನಲ್ಲಿ ನಾನು ಒಳಗೆಲಸದ ಮೇಸ್ತ್ರಿ. ಸೀಟು, ಕಿಟಕಿ, ನೆಲ ಎಲ್ಲ ನನ್ನ ಗುಂಪಿನ ಪಾಲು. ಮಾವ ಎರಡು ಹಗಲು ಒಂದು ರಾತ್ರಿ ಓಡುತ್ತಿದ್ದ ರೈಲಿನ ಅಡುಗೆ ಬೋಗಿಯಲ್ಲಿ ಬಾಣಸಿಗರು. ಹೊಸ ವೇಳಾಪಟ್ಟಿ ಬಂತು ನೋಡಿ, ಆ ಉದ್ದದ ರೈಲನ್ನು ತುಂಡು ಮಾಡಿ, ನಗರದಿಂದ ನಗರಕ್ಕೆ ನಾಲ್ಕೈದು ಗಂಟೆಯಲ್ಲಿ ಮುಟ್ಟುವ ಚಿಕ್ಕ ರೈಲುಗಳನ್ನು ಮಾಡಿದರು. ಅಷ್ಟರಲ್ಲಿ ಯಾರಿಗೆ ಬಿಸಿ ಊಟ ಬೇಕು? ಮಲಗುವ ಬೋಗಿಗಳ ಬರ್ತ್ ಬಿಚ್ಚಿ ಸೀಟು ಕೂರಿಸಿದೆವು. ಕೊನೆಗೆ ಅಡುಗೆ ಬೋಗಿಯೂ ನನ್ನ ಶೆಡ್ಡಿಗೇ ಬಂದು ನಿಂತಿತು.

"ಬೇರೆ ಯಾರಾದ್ರೂ ಕಿತ್ತಿದ್ರೆ ಸಹಿಸ್ಕೋತಿದ್ದೆ. ಮನೆ ಸೊಸೆನೇ ಗ್ಯಾಸ್ ಕಟರ್ ಹಿಡ್ಕೊಂಡು ಬರೋದಾ?" ಎಂದು ಅತ್ತೆಯ ಹತ್ತಿರ ಗೋಳಾಡಿದರಂತೆ.

ಅಂದಿನಿಂದ ಊಟಕ್ಕೆ ಕೂತಾಗ ಮಾತೆಲ್ಲ ಅತ್ತೆಯ ಮೂಲಕ.

"ನಿನ್ನ ಸೊಸೆಗೆ ಹೇಳು, ಉಪ್ಪು ಈ ಕಡೆ ಸರಿಸಲಿ."

ನಾನೇನು ಕಮ್ಮಿಯೇ? "ಅತ್ತೆ, ಉಪ್ಪಿಗೆ ಕಾಲಿಲ್ಲ, ಕೈ ಚಾಚಿ ತಗೋಬೇಕು ಅಂತ ನಿಮ್ಮ ಯಜಮಾನ್ರಿಗೆ ಹೇಳಿ."

ನನ್ನ ಗಂಡ ಬಲು ಜಾಣ. ಇಬ್ಬರಿಗೂ ಹೂಂಗುಟ್ಟಿ ತಟ್ಟೆ ನೋಡುತ್ತಿದ್ದರು. ನಾನು ಎದುರುತ್ತರ ಕೊಟ್ಟರೂ ಪಾಪ ಅನಿಸಿ ಉಪ್ಪನ್ನು ಅವರ ಕಡೆಗೇ ಸರಿಸುತ್ತಿದ್ದೆ. ಮಾವನನ್ನು ನಿಲ್ದಾಣದ ಕ್ಯಾಂಟೀನಿಗೆ ಹಾಕಿದ್ದರು. ಅಲ್ಲಿ ನೆಲ ಅಲುಗಾಡುವುದೇ ಇಲ್ಲವಂತೆ, ನಿಂತರೆ ತಲೆ ಸುತ್ತುತ್ತದಂತೆ.

ಮಾರ್ಪಾಡಾದ ಬೋಗಿಯನ್ನು ಕೆಲಸಕ್ಕೆ ಬಿಡುವ ಮೊದಲು ಭಾರ ಹೇರಿ ಓಡಿಸಿ ನೋಡಬೇಕು. ಬೇರೆ ಕಡೆ ಮರಳು ಮೂಟೆ ಇಡುತ್ತಾರೆ. ನಮ್ಮ ಇಂಜಿನಿಯರ್ ಮೇಡಂ ಮಾತ್ರ, "ಮನೆಯವರನ್ನ ಕರ್ಕೊಂಡು ಬನ್ನಿ," ಎನ್ನುತ್ತಾರೆ. "ಸೀಟು ಗಟ್ಟಿ, ಗಾಳಿ ಬರಲ್ಲ ಅಂತ ಮರಳು ಮೂಟೆ ಹೇಳುತ್ತಾ? ನೆಂಟರಾದ್ರೆ ಕೇಳದೇನೇ ಹೇಳ್ತಾರೆ."

ಅಡುಗೆ ಬೋಗಿಯ ಸರದಿ ಬಂದಾಗ ಅತ್ತೆ ಎರಡು ದಿನ ಮೊದಲೇ ತಯಾರು. ಮಾವ ಆ ಬೋಗಿಗೆ ಕಾಲಿಡುವುದಿಲ್ಲ ಎಂದು ಪಟ್ಟು ಹಿಡಿದರು. ಹೊರಡುವ ಹೊತ್ತಿಗೆ ನೋಡಿದರೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ!

"ನಿನ್ನ ಸೊಸೆ ಎಷ್ಟು ಹಾಳು ಮಾಡಿದ್ದಾಳೆ ಅಂತ ನೋಡ್ಬೇಕಲ್ಲ," ಎಂದರು ಅತ್ತೆಗೆ.

ಬೋಗಿ ಹತ್ತಿದವರೇ ನೇರವಾಗಿ ಹಿಂದಿನ ತುದಿಗೆ ನಡೆದು ಒಲೆ ಇದ್ದ ಜಾಗದಲ್ಲೇ ನಿಂತರು. ಅಲ್ಲೀಗ ಜೋಡಿ ಸೀಟು. ಒರಗುವ ಬೆನ್ನನ್ನು ತಟ್ಟಿದರು, ರೆಕ್ಸಿನ್ನಿನ ಹೊಲಿಗೆ ಎಳೆದು ನೋಡಿದರು, ಒಂದು ತಪ್ಪೂ ಸಿಗದೆ ಮುಖ ಸಿಂಡರಿಸಿಕೊಂಡು ಕೂತರು. ಅವರ ಹಳೆಯ ದಾರಿಯಲ್ಲೇ ರೈಲು ಹೊರಟಾಗ ಕಣ್ಣು ಮುಚ್ಚಿದರು.

"ಈಗ ಎಡಕ್ಕೆ ವಾಲುತ್ತೆ. ಹಾಲಿನ ಪಾತ್ರೆ ಹಿಡ್ಕೋಬೇಕು."

ವಾಲಿತು. ಇಂಜಿನಿಯರ್ ಮೇಡಂ ಕೈಯಲ್ಲಿದ್ದ ಕಾಫಿ ಮೈಮೇಲೆ ಚೆಲ್ಲಿಕೊಂಡರು. ಆಮೇಲೆ ಇಡೀ ಬೋಗಿ ಮಾವನ ಮಾತಿಗೇ ಕಿವಿಗೊಟ್ಟು ಕೂತಿತು. ಬ್ರೇಕ್ ಅಂದರು, ಎಲ್ಲರೂ ಮುಂದಿನ ಸೀಟು ಹಿಡಿದುಕೊಂಡರು. ನಗುವೋ ನಗು.

"ಈಗ ಸೇತುವೆ. ಮುಚ್ಚಳ ಎಲ್ಲಾ ಕುಣಿಯುತ್ವೆ ನೋಡಿ."

ಗಡಗಡ ಶುರುವಾಯಿತು. ಮಾವ ಕಣ್ಣು ತೆರೆದರು.

ಕೆಳಗೆ ನದಿ. ದಡದಿಂದ ದಡಕ್ಕೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಮರಳ ದಿಬ್ಬದ ಮೇಲೆ ಬಿಳಿ ಹಕ್ಕಿಗಳು, ಒಬ್ಬ ದೋಣಿಯವನು ತಲೆಯೆತ್ತಿ ಕೈ ಬೀಸಿದ. ಮಾವ ಎರಡೂ ಅಂಗೈ ಗಾಜಿಗೆ ಒತ್ತಿದರು. ಅಡುಗೆ ಬೋಗಿಯಲ್ಲಿ ಆ ಗೋಡೆಗೆ ಕಿಟಕಿಯೇ ಇರಲಿಲ್ಲ, ಹೊಗೆ ಹೋಗಲು ತಲೆಯ ಮೇಲೊಂದು ಜಾಲರಿ ಇತ್ತು ಅಷ್ಟೆ. ಬಾಗಿಲಿಗೆ ಬಂದು ನಿಲ್ಲೋಣ ಅಂದರೆ ಪುರುಸೊತ್ತೆಲ್ಲಿ? ಸೇತುವೆ ಬರುತ್ತಿದ್ದದ್ದು ಸರಿಯಾಗಿ ಊಟ ಬಡಿಸುವ ಹೊತ್ತಿಗೆ. ಸೀಟು ಅಂದ ಮೇಲೆ ಕಿಟಕಿ ಬೇಕಲ್ಲ ಎಂದು ಗೋಡೆ ಕತ್ತರಿಸಿ ಗಾಜು ಕೂರಿಸಿದವಳು ನಾನೇ. ಅದರಾಚೆ ನಾನೂ ಯೋಚಿಸಿರಲಿಲ್ಲ.

"ಇಲ್ಲಿ ನದಿ ಇದೆ," ಎಂದರು ಮಾವ.

"ಸೇತುವೆ ಅಂದ್ಮೇಲೆ ನದಿ ಇರಲ್ವಾ?" ಎಂದರು ಅತ್ತೆ.

"ಇದೆ ಅಂತ ಗೊತ್ತಿತ್ತು ಕಣೇ. ಇಷ್ಟು ಇದೆ ಅಂತ ಗೊತ್ತಿರ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ಅತ್ತೆಯ ಕಡೆಗಲ್ಲ, ನನ್ನ ಕಡೆಗೇ.

"ಬಾಮ್ಮ ಇಲ್ಲಿ." ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಇಷ್ಟು ವರ್ಷ ಏನಾಗಿತ್ತು ನಿನಗೆ? ನನ್ನ ಒಲೆ ಪಕ್ಕ ಒಂದು ಕಿಟಕಿ ಕೊರೆದಿದ್ರೆ ನಿನ್ನ ಕೈ ಸವೆದು ಹೋಗ್ತಿತ್ತಾ?"

ಬೈಗುಳ ಕೇಳಿ ಹಾಲು ಕುಡಿದಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

"ಸುಮ್ನಿರಿ ಮಾವ, ನೀವು ಯಾವತ್ತು ಕೇಳಿದ್ರಿ?" ಎಂದೆ. ಕಣ್ಣೊರೆಸಿಕೊಂಡೆ.

"ಸರಿ ಸರಿ, ಅಳಬೇಡ. ವಾಪಸ್ ಬರುವಾಗ ಕಿಟಕಿ ಪಕ್ಕ ನೀನೇ ಕೂತ್ಕೋ."

ವಾಪಸ್ ಬರುವಾಗ ಅವರು ಜಾಗ ಬಿಡಲಿಲ್ಲ. ಸೇತುವೆ ಇನ್ನೂ ಎಷ್ಟೋ ದೂರವಿರುವಾಗಲೇ ಮೂಗು ಗಾಜಿಗೆ ಒತ್ತಿ ಕಾಯುತ್ತಿದ್ದರು. ನಾನು ಕೇಳಲೂ ಇಲ್ಲ.