ಅಶ್ವತ್ಥಪ್ಪನ ಎರಡನೇ ಡಬ್ಬಿ

“ಒಂದ್ನಿಮಿಷ ತಡೀರಿ,” ಎನ್ನುತ್ತ ಶ್ರೀರಾಮಪ್ಪ ಚಟ್ಟಕ್ಕೆ ಹೆಗಲು ಕೊಟ್ಟವರಿಗೆ ಅಡ್ಡ ನಿಂತ. ಅಶ್ವತ್ಥಪ್ಪನ ತಲೆಯ ಪಕ್ಕ, ಹೂವಿನ ನಡುವೆ, ಅಗಲಬಾಯಿಯ ಸ್ಟೀಲ್ ಡಬ್ಬಿ ಕಾಣುತ್ತಿತ್ತು.

“ಯಾರಪ್ಪ ನೀನು?” ಎಂದ ಸತ್ತವನ ಅಣ್ಣ ಚಿಕ್ಕಮುನಿಯಪ್ಪ.

“ಅವರ ಆಪೀಸಿನವನು ಅಣ್ಣ. ಆ ಡಬ್ಬಿ ಬೇಕಾಗಿತ್ತು.”

“ಅದು ದಾರಿಬುತ್ತಿ ಕಣಯ್ಯ. ದಿನಾ ತಕಂಡೋಗ್ತಿದ್ದ, ಇವತ್ತೂ ತಕಂಡೋಗ್ಲಿ. ಒಟ್ಟೆ ಅಸಿದಿದ್ರೆ ಏಳು, ಇಕ್ಕುಸ್ತೀನಿ. ಸತ್ತೋನ್ ಬುತ್ತಿಗೆ ಕೈ ಆಕ್ಬೇಡ.”

ಹಿಂದಿನಿಂದ ಯಾರೋ ನಕ್ಕರು.

*

ಕಳೆದ ವಾರ ಊರಿಗಾಂನ ಕಾರ್ಖಾನೆಯಲ್ಲಿ ಅವರಿಬ್ಬರಿದ್ದ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿದ್ದ ಕಾರ್ಖಾನೆಯವರೆಲ್ಲರ ಸರ್ವೀಸು, ರಜೆಯ ಲೆಕ್ಕ, ಕೊನೆಗೆ ಯಾರು ಕೂತಾಗ ಕಂಪ್ಯೂಟರ್ ಪರದೆಯ ಬಣ್ಣ ಹೇಗಿರಬೇಕೆಂಬುದನ್ನೂ ಅಶ್ವತ್ಥಪ್ಪ ಫ್ಲಾಪಿಗಳಿಗೆ ಇಳಿಸಿಕೊಂಡ. ಎಂದಿನಂತೆ ಅವನ್ನು, ಊಟದ ಡಬ್ಬಿಯ ಜೊತೆ ದಿನವೂ ತರುತ್ತಿದ್ದ ತನ್ನ ಎರಡನೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

“ಗಣಿ ದಿಬ್ಬದ ಧೂಳು ಬೀರೂಗೂ ನುಗ್ತದೆ ಕಣ್ಲಾ. ಇವುಗಳ ಮೇಲೆ ಒಂದು ಕಣ ಕೂತ್ರೆ ಎಲ್ಲಾ ಓಯ್ತು. ಸೋಮವಾರ ತಂದು ಹೊಸದಕ್ಕೆ ತುಂಬ್ತೀನಿ. ಹಳೇದನ್ನ ನೀನು ಅಳಿಸಾಕು, ಕಂಡೋರ ಕೈಗೆ ಸಿಗಬಾರ್ದು.”

ಶ್ರೀರಾಮಪ್ಪ ಅಳಿಸಿಹಾಕಿದ. ಭಾನುವಾರ ಬೆಳಗ್ಗೆ ಅಶ್ವತ್ಥಪ್ಪನ ಎದೆಬಡಿತ ನಿಂತಿತು.

*

“ಅದರಲ್ಲಿ ಅನ್ನ ಇಲ್ಲ!” ಶ್ರೀರಾಮಪ್ಪನಿಗೆ ರೇಗಿಹೋಯಿತು. “ಅದು ಮಣ್ಣಿಗೆ ಹೋದ್ರೆ ಅಷ್ಟೂ ಜನರ ಸರ್ವೀಸು ಹೋಯ್ತು, ನನ್ನ ಕೆಲಸಾನೂ ಹೋಯ್ತು.”

“ಬಿರ್ನೆ ಏನೋ ಒಂದು ಮಾಡ್ರಪ್ಪ, ಎಗ್ಲು ಬಿದ್ದೋಯ್ತಾ ಐತೆ,” ಎಂದ ಚಟ್ಟ ಹೊತ್ತವನೊಬ್ಬ.

ಅಶ್ವತ್ಥಪ್ಪನ ಹೆಂಡತಿ ವೆಂಕಟಲಕ್ಷ್ಮಮ್ಮ ಜಗಲಿಯಿಂದ ಎದ್ದು ಬಂದಳು. ಚಿಕ್ಕಮುನಿಯಪ್ಪ ಗೊಣಗುತ್ತ ಡಬ್ಬಿ ತೆಗೆದುಕೊಟ್ಟ. ಮುಚ್ಚಳ ತೆಗೆದ ಅವಳು ಕಪ್ಪು ಚೌಕಗಳನ್ನು ನೋಡುತ್ತ ನಿಂತಳು.

“ಇವುನ್ನಾ ಒತ್ಕಂಡು ತಿರುಗ್ತಿದ್ದಿದ್ದು? ಕ್ಯಾಂಟೀನಿಂದ ಏನೋ ತಂದು ಒಬ್ರೇ ತಿಂತಾರೆ ಅಂತ ಬೈಕಂತಿದ್ದೆ.”

ಅವಳು ಫ್ಲಾಪಿಗಳನ್ನು ತೆಗೆದು ಶ್ರೀರಾಮಪ್ಪನ ಕೈಗಿಟ್ಟಳು.

“ತಕಳಪ್ಪ. ಡಬ್ಬಿ ಮಾತ್ರ ಅವರ್ದು.”

ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯಿಂದ ಮೊಸರನ್ನ ತುಂಬಿಸಿ ತಂದು ಅವಳು ಮುಚ್ಚಳ ಒತ್ತುವವರೆಗೂ ಹೊತ್ತವರು ಹೆಗಲು ಬದಲಾಯಿಸುತ್ತ ನಿಂತರು.

ಹೊಲದಲ್ಲಿ ಗಾಳಿ ಎದ್ದಿತ್ತು. ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

“ನೀನೂ ಆಕಯ್ಯ. ಜೊತೇಲಿದ್ದೋನು,” ಎಂದ ಚಿಕ್ಕಮುನಿಯಪ್ಪ, ಈಗ ಮೆತ್ತಗೆ.

ಶ್ರೀರಾಮಪ್ಪ ಫ್ಲಾಪಿಗಳನ್ನು ಅಂಗಿಯೊಳಗೆ ಬನಿಯನ್ನಿಗೆ ಒತ್ತಿ, ಮೇಲೆ ಎರಡೂ ಕೈ ಕಟ್ಟಿ ನಿಂತಿದ್ದ. ಗುಂಡಿಯಿಂದ ಧೂಳು ಅವನತ್ತ ಎದ್ದು ಬಂತು. ಅವನು ಬೆನ್ನು ತಿರುಗಿಸಿದ.