ಬಾಗಿಲಿನ ದಿಕ್ಕು

"ನಾಯಿ ಹಿಡ್ಕೊಳ್ರೋ!"

ಕುದುರೆಯಿಂದ ಇಳಿಯುವ ಮೊದಲೇ ಡುಲ್ಮಾ ಕೂಗಿದಳು. ಯಾರ ಗುಡಾರಕ್ಕೆ ಹೋದರೂ ಕೂಗುವ ಮಾತೇ. ಇವತ್ತು ಮಾತ್ರ ಅದರಲ್ಲಿ ಜಗಳದ ಕಾವಿತ್ತು.

"ಅದಕ್ಕೀಗ ಹಲ್ಲೇ ಇಲ್ಲ, ಬಾ ತಂಗಿ," ಎಂದು ನೆರೆಯ ಶಗ್ದರ್ ಬಾಗಿಲಲ್ಲಿ ನಕ್ಕ. ಒಳಗೆ ಬಂದವಳಿಗೆ ನಶ್ಯದ ಬುಡ್ಡಿ ಚಾಚಿದ. ಡುಲ್ಮಾ ಕೈ ನೀಡಲಿಲ್ಲ. ಚಹಾವನ್ನು ಎತ್ತಿ ಹೊಯ್ಯುತ್ತಿದ್ದ ಅವನ ಹೆಂಡತಿಯ ಸೌಟು ಅಲ್ಲೇ ನಿಂತಿತು. ಕೊಟ್ಟ ನಶ್ಯ ಮೂಸದವಳು ನಂಟು ಕಡಿಯಲಿಕ್ಕೇ ಬಂದವಳು.

"ನಿಮ್ಮ ಕುದುರೆಗಳು ನನ್ನ ಚಳಿಗಾಲಾನೇ ತಿಂದ್ಬಿಟ್ವಲ್ಲಣ್ಣ!"

ಚಳಿಗಾಲದ ಕಣಿವೆಗೆ ಬೇಸಿಗೆಯಲ್ಲಿ ಒಂದು ಗೊರಸೂ ಇಳಿಯಕೂಡದು. ಹಿಮ ಬಿದ್ದ ಮೇಲೆ ಅಲ್ಲಿ ನಿಂತ ಹುಲ್ಲೇ ಮಂದೆಯ ಪ್ರಾಣ. ಅದಿಲ್ಲವೆಂದರೆ ಗಬ್ಬದ ಕುರಿಗಳನ್ನು ಗುರುತಿಲ್ಲದ ಸೀಮೆಗೆ ಹೊಡೆದುಕೊಂಡು ಹೋಗಬೇಕು. ಎಷ್ಟು ತಿರುಗಿ ಬಂದಾವೆಂದು ದೇವರೇ ಬಲ್ಲ. ಡುಲ್ಮಾಳ ಗಂಡ ಗೊಂಬೊ ಆ ಪಯಣಕ್ಕೆಂದೇ ಬೆಳಗಿನಿಂದ ಗಂಟು ಕಟ್ಟುತ್ತಿದ್ದ.

ಡುಲ್ಮಾ ನಿಲುವಂಗಿಯ ಎದೆಯೊಳಗಿಂದ ಹಾಳೆ ತೆಗೆದು ಹಾಸಿದಳು. ಉಪಗ್ರಹ ತೆಗೆದ ಚಿತ್ರ. ಸರ್ಕಾರಿ ಕಚೇರಿಯವರು ಮನೆಗೊಂದು ಹಂಚಿದ್ದರು. ನಡುವೆ ಹೊಳೆ, ಆಚೆ ಈಚೆ ಎರಡು ಕಣಿವೆ. ಹಸಿರೆಂದರೆ ಹುಲ್ಲಿದೆ, ಕೆಂಪೆಂದರೆ ಬೋಳು. ಊರ ಹೆಸರು, ಗುಡ್ಡದ ಹೆಸರು ಒಂದೂ ಇಲ್ಲ.

"ನೋಡಿ. ಎಡಕ್ಕೆ ಪೂರ್ವ, ನನ್ನ ಕಣಿವೆ. ರಕ್ತದ ಹಾಗೆ ಕೆಂಪಗಿದೆ."

ಶಗ್ದರ್ ಹಾಳೆಯನ್ನು ನೋಡಿದ, ಅವಳನ್ನು ನೋಡಿದ, ಎಲ್ಲ ಗುಡಾರಗಳಂತೆ ದಕ್ಷಿಣಕ್ಕಿದ್ದ ಬಾಗಿಲನ್ನೂ ನೋಡಿದ.

"ಎಡಕ್ಕೆ ಪೂರ್ವ ಅಂತ ಯಾರಂದ್ರು?"

"ಯಾರನ್ಬೇಕು? ಬಾಗಿಲಿಗೆ ಮುಖ ಮಾಡಿ ಕೂತೋರಿಗೆ ಎಡಗಡೆ ಪೂರ್ವ ಅಲ್ದೆ ಇನ್ನೇನು?"

"ಮೇಲಿಂದ ಚಿತ್ರ ತೆಗೆಯೋ ಆ ಪುಣ್ಯಾತ್ಮ ನಮ್ಮ ಬಾಗಿಲು ನೋಡ್ಕೊಂಡು ಕೂತಿಲ್ಲಮ್ಮ. ಇಂಥ ಹಾಳೇಲಿ ಉತ್ತರ ತಲೆಮೇಲಿರತ್ತೆ. ಸೈನ್ಯದಲ್ಲಿ ಇದಕ್ಕೇ ನಾನೂ ಏಟು ತಿಂದಿದೀನಿ."

ಹಾಳೆಯ ದಕ್ಷಿಣ ಬಾಗಿಲ ಕಡೆಗೆ ಬರುವಂತೆ ಅವನು ಅದನ್ನು ತಲೆಕೆಳಗು ಮಾಡಿ ಇಟ್ಟ. ಕೆಂಪು ಬಲಕ್ಕೆ ಹೋಯಿತು. ಅವಳ ಎಡಕ್ಕೆ ಗುಡ್ಡದ ನೆತ್ತಿಯವರೆಗೂ ಹಸಿರು.

"ಮೊನ್ನೆ ಕುದುರೆ ಹುಡುಕ್ತಾ ನಿನ್ನ ಕಣಿವೆ ಮೇಲಿನ ದಿಬ್ಬ ಹತ್ತಿದ್ದೆ. ನಿನ್ನ ಹುಲ್ಲು ಗಾಳಿಗೆ ತೂಗ್ತಿತ್ತು," ಎಂದ.

ಡುಲ್ಮಾಗೆ ಮೊದಲು ಉಸಿರು ಬಂತು, ಆಮೇಲೆ ನಗು, ಅದರ ಹಿಂದೆಯೇ ಕಣ್ಣೀರು. ಒರೆಸಿಕೊಳ್ಳುವಾಗ ಬಲಗಡೆಯ ಕೆಂಪು ಕಣ್ಣಿಗೆ ಬಿತ್ತು. ಪಶ್ಚಿಮದ ಕಣಿವೆ ಯಾರದೆಂದು ಕೇಳಬೇಕಾಗಿರಲಿಲ್ಲ.

"ಇಲಿಗಳು," ಎಂದ ಶಗ್ದರ್. "ಬೇರು ಸಮೇತ ತಿಂದು ಹಾಕಿವೆ. ನಾವೇ ದೂರ ಹೊರಡೋದು ಅಂತಿದ್ವಿ."

ಅವಳು ಅಂಗೈ ಚಾಚಿದಳು.

"ಎಲ್ಲಿ, ಆ ಬುಡ್ಡಿ ಕೊಡಣ್ಣ."

ಮೂಸಿ, ಸೀನಿ, ಹಿಂದಕ್ಕೆ ಕೊಡುತ್ತ ಹೇಳಿದಳು: "ಎಲ್ಲಿಗೂ ಹೋಗ್ಬೇಡಿ. ಆ ಕಳ್ಳ ಕುದುರೆಗಳು ನನ್ನ ಕಣಿವೇಲಿ ಮುಂದೆ ನಡೀತಾ ಹಿಮ ಒಡೀಲಿ. ಹಿಂದೆ ಇಬ್ಬರ ಕುರೀನೂ ಮೇಯ್ಲಿ."

ನಿಂತಿದ್ದ ಸೌಟು ಮತ್ತೆ ಆಡತೊಡಗಿತು.

ಮರುದಿನ ಬೆಳಿಗ್ಗೆ ಡುಲ್ಮಾ ಎಂದಿನಂತೆ ಹೊರಗೆ ನಿಂತು ದಿಕ್ಕಿನ ದೇವರುಗಳಿಗೆಂದು ಪೂರ್ವಕ್ಕೊಂದು ಸೌಟು ಹಾಲು ಚಿಮುಕಿಸಿದಳು, ಪಶ್ಚಿಮಕ್ಕೊಂದು. ಒಳಗೆ ಹೋಗಲು ತಿರುಗಿದವಳು ನಿಂತು, ನೆತ್ತಿಯ ಮೇಲಿನ ಬರಿ ಆಕಾಶಕ್ಕೂ, ಆ ಪುಣ್ಯಾತ್ಮನ ಪಾಲೆಂದು, ಒಂದಿಷ್ಟು ಎರಚಿದಳು. ಹನಿಯೊಂದು ತಿರುಗಿ ಅವಳ ಹಣೆಯ ಮೇಲೇ ಬಿತ್ತು.