ನಲವತ್ತೊಂದನೆಯ ಪುಟ

ಸುಗಂಧಾ ಕಾಂಬಳೆ ಹೋದ ಸೋಮವಾರ ಮಧ್ಯಾಹ್ನ ಕಾಗವಾಡದಿಂದ ರಾಯಬಾಗಕ್ಕೆ ಬರುವ ಬಸ್ಸಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತೊಂಬತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ನಾನು ಪಕ್ಕದ ಸೀಟಿನಲ್ಲೇ ಇದ್ದೆ. ದಣಿದು ಕಣ್ಣು ಮುಚ್ಚಿದ್ದಾರೆ ಎಂದುಕೊಂಡು ಎರಡು ಊರು ದಾಟುವವರೆಗೆ ಮಾತಾಡಿಸಿರಲಿಲ್ಲ.

ಅವರಷ್ಟು ಹೆದರುವ ಮನುಷ್ಯರನ್ನು ನಾನು ಕಂಡಿಲ್ಲ. ರಾಯಬಾಗದ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಅವರು ವಿಜ್ಞಾನ ಕಲಿಸಿದರು, ನಾನು ಚಿತ್ರಕಲೆ. ಫ್ಯಾನಿನ ಸ್ವಿಚ್ ಒತ್ತುವ ಮೊದಲು ಚಪ್ಪಲಿ ಮೆಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದು ಕ್ಷಣ ನಿಲ್ಲುತ್ತಿದ್ದರು. ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಾದರೆ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿ, ಎರಡನೆಯ ಟ್ರೇಲರೂ ದಾಟುವ ತನಕ ಹೇರಿನ ಹಗ್ಗವನ್ನೇ ನೋಡುತ್ತಿದ್ದರು.

ಇಂಥವರು ಮಕ್ಕಳಿಗಾಗಿ ಪತ್ತೇದಾರಿ ಕಥೆ ಬರೆದರು. ಅವರ ಕಥೆಯಲ್ಲಿ ಪತ್ತೆ ಅರ್ಧಕ್ಕೆ ನಿಲ್ಲುತ್ತಿತ್ತು. ಓದುವ ಮಗು ತನ್ನ ಕೈಯಾರೆ ಏನಾದರೊಂದು ಮಾಡಿದರೆ ಮಾತ್ರ ಮುಂದಿನ ಸುಳಿವು. ದ್ರಾಕ್ಷಿ ತೋಟದ ಗೋಡೆಯಾಚೆ ಯಾರಿದ್ದಾರೆಂದು ನೋಡಲು ರಟ್ಟು ಮತ್ತು ಎರಡು ಕನ್ನಡಿ ಚೂರುಗಳ ಕೊಳವೆ. ಖಾಲಿ ಕಾಗದದ ಅಕ್ಷರ ಎಬ್ಬಿಸಲು ಲಿಂಬೆರಸ ಮತ್ತು ಬಿಸಿಲು. ದೀಪದ ಉರಿ ಬೇಡ ಎಂದು ದಪ್ಪಕ್ಷರದಲ್ಲಿ. ಪ್ರತಿಯೊಂದನ್ನೂ ಮನೆಯಲ್ಲಿ ಏಳು ಸಲ ಮಾಡಿ ನೋಡುತ್ತಿದ್ದರು. ಏಳನೆಯ ಸಲ ಬೇಕೆಂದೇ ತಪ್ಪಾಗಿ, ಒದ್ದೆ ಕೈಯಿಂದ, ಹೇಳಿದ್ದನ್ನು ಕೇಳದ ಮಗುವಿನಂತೆ.

'ಬಾಯಾರ, ನಿಮ್ಮ ಕಥ್ಯಾಗ ಕಳ್ಳಗೂ ಚಪ್ಪಲ್ ಹಾಕಿ ಕಳಸ್ತೀರಿ ನೀವು' ಎಂದು ನಾನು ಒಮ್ಮೆ ಕಾಡಿದೆ.

ನಕ್ಕರು. ಆಮೇಲೆ ನಗು ನಿಲ್ಲಿಸಿ, 'ದೊಡ್ಡವ್ರು ಓದಿ ಬಿಟ್ಟಬಿಡ್ತಾರ್ರಿ ಸರ್. ಹುಡುಗ್ರು ಹಂಗಲ್ಲ, ಮಾಡಿ ನೋಡ್ತಾವು' ಎಂದರು.

ಮೂರನೆಯ ಪುಸ್ತಕಕ್ಕೆ ಚಿತ್ರ ಬರೆದವನು ನಾನು. ಒಣದ್ರಾಕ್ಷಿ ಶೆಡ್ಡಿಗೆ ದಿನವೂ ಯಾರು ನುಗ್ಗುತ್ತಾರೆ ಎಂಬ ಕಥೆ. ಬಾಗಿಲು ಸರಿದರೆ ಎರಡು ತಗಡಿನ ಚೂರುಗಳ ನಡುವಿನ ರಟ್ಟು ಜಾರಿ, ತಗಡುಗಳು ಒಂದಕ್ಕೊಂದು ತಾಗಿ, ಬಜರ್ ಕೂಗಬೇಕು. ಅದಕ್ಕೆ ಒಂದೇ ಒಂದು ಬ್ಯಾಟರಿ ಸೆಲ್ ಸಾಕು. ನಾನು ಎಲ್ಲವನ್ನೂ ಸರಿಯಾಗಿಯೇ ಬರೆದೆ. ಆದರೆ ಗೋಡೆ ಬೋಳಾಗಿ ಕಾಣುತ್ತದೆಂದು ಅಂದಕ್ಕೆ ಒಂದು ಸ್ವಿಚ್ ಬೋರ್ಡನ್ನೂ ಬರೆದೆ. ಅಚ್ಚಿನಲ್ಲಿ ಚಿತ್ರ ಕಿರಿದಾಯಿತು, ಸೆಲ್ ನೆರಳಿನಲ್ಲಿ ಮುಳುಗಿತು, ಎರಡು ತಂತಿಗಳು ನೇರವಾಗಿ ಬೋರ್ಡಿನ ತೂತುಗಳಿಗೆ ಹೋದಂತೆ ಕಂಡವು. ನಲವತ್ತೊಂದನೆಯ ಪುಟ.

ಅದು ತಿಳಿದದ್ದು ಭೋಜ ಗ್ರಾಮದ ಮನೀಷಾ ಎಂಬ ಆರನೆಯ ತರಗತಿಯ ಹುಡುಗಿಯಿಂದ. ಪುಸ್ತಕದ ಹಿಂದಿದ್ದ ನಂಬರಿಗೆ ಫೋನ್ ಮಾಡಿದ್ದಳು. ಸ್ಟಾಫ್ ರೂಮಿನಲ್ಲಿ ನನಗೂ ಅವಳ ದನಿ ಕೇಳುತ್ತಿತ್ತು: 'ಬಾಯಾರ, ತಂತಿ ಬೋರ್ಡಿನ್ಯಾಗ ನಿಂದ್ರವಲ್ದರಿ. ಕಡ್ಡಿ ಸಿಗಸಿ ಕೂಡಸ್ಲೇನ್ರಿ?'

ಸುಗಂಧಾಬಾಯಿ ಕೂಗಲಿಲ್ಲ. ಅವರ ತುಟಿಯ ಬಣ್ಣ ಹೋಗಿತ್ತು; ದನಿ ಮಾತ್ರ ಮೆತ್ತಗಿತ್ತು. 'ಅವ್ವಾ, ತಂತಿ ಕೆಳಗ ಇಡು. ಹಿಂದ ಸರಿ. ಮನ್ಯಾಗ ಯಾರದಾರ?'

'ಆಯಿ ಅದಾಳ್ರಿ. ಕರೆಂಟ್ ಇಲ್ರಿ, ಈಗ ಬರತೈತಿ.'

ಅಜ್ಜಿ ಬಂದು ಹುಡುಗಿಯನ್ನು ಅಂಗಳಕ್ಕೆ ಕರೆದೊಯ್ದಳೆಂದು ಖಾತ್ರಿಯಾಗುವವರೆಗೆ ಫೋನು ಇಡಲಿಲ್ಲ. ಇಟ್ಟ ಮೇಲೆ ಪುಸ್ತಕ ತೆರೆದರು. ತಪ್ಪು ನನ್ನದು ಎಂದೆ. 'ಅಚ್ಚಿಗೆ ಹೋಗೂಮುಂದ ನೋಡಿ ಸಹಿ ಮಾಡಿದಾಕಿ ನಾನ ಅಲ್ಲೇನ್ರಿ?' ಎಂದಷ್ಟೇ ಅಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ನಿಪ್ಪಾಣಿಯ ಮುದ್ರಣಾಲಯದಲ್ಲಿ ಉಳಿದ ಪ್ರತಿಗಳನ್ನು ಅಂದೇ ತಡೆದರು. ಆದರೆ ನೂರಾ ಹದಿನೆಂಟು ಆಗಲೇ ಮಕ್ಕಳ ಕೈಯಲ್ಲಿದ್ದವು. ಕೊಟ್ಟ ಪುಸ್ತಕವನ್ನು ಯಾವ ಮಗುವೂ ಹಿಂದಿರುಗಿಸುವುದಿಲ್ಲ. ಹಾಗಾಗಿ ಸರಿಯಾದ ಚಿತ್ರದ ಚೀಟಿ ಅಚ್ಚು ಹಾಕಿಸಿ, ಗೋಂದಿನ ಬಾಟಲಿ ಚೀಲಕ್ಕೆ ಹಾಕಿಕೊಂಡು, ರಜೆಯ ದಿನವೆಲ್ಲ ಬಸ್ಸು ಹತ್ತಿದರು. ಚಿಕ್ಕೋಡಿ, ಅಥಣಿ, ನದಿ ದಂಡೆಯ ಹಳ್ಳಿಗಳು. ಅವರೇ ಅಂಟಿಸಬೇಕು, ಶಿಕ್ಷಕರ ಕೈಗೆ ಚೀಟಿ ಕೊಟ್ಟು ಬರಲು ಒಪ್ಪಲಿಲ್ಲ. ಭಾನುವಾರಗಳಲ್ಲಿ ನಾನೂ ಹೋದೆ. ಬೆಳಗಿನ ಚಹಾಕ್ಕೆ ಮೊದಲು ಪೇಪರಿನಲ್ಲಿ ಜಿಲ್ಲೆಯ ಸಾವಿನ ಸುದ್ದಿಗಳನ್ನೆಲ್ಲ ಓದುವ ರೂಢಿ ಅವರಿಗೆ ಆಗಲೇ ಅಂಟಿತು. ಫೋನು ಬಡಿದರೆ ಕೂತಲ್ಲಿಂದ ಏಳುತ್ತಿದ್ದರು. ಹೊಸ ಕಥೆ ಬರೆಯಲಿಲ್ಲ.

ಕಡೆಗೆ ಒಂದೇ ಪ್ರತಿ ಉಳಿಯಿತು. ಸತ್ತಿ ಊರಿನ ಶಾಲೆಯಲ್ಲಿ ಚೆನ್ನಾಗಿ ಓದಿದ್ದಕ್ಕೆ ಉಜ್ವಲಾ ಎಂಬ ಹುಡುಗಿಗೆ ಬಹುಮಾನವಾಗಿ ಹೋಗಿತ್ತು. ಅವಳ ತಂದೆತಾಯಿ ಕಬ್ಬು ಕಡಿಯುವ ಗ್ಯಾಂಗಿನವರು. ಗ್ಯಾಂಗು ಊರು ಬಿಟ್ಟು ತಿಂಗಳಾಗಿತ್ತು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಹುಡುಕುತ್ತ ಕಳೆದ ಐದು ವಾರ ಅವರು ಸರಿಯಾಗಿ ಉಣ್ಣಲಿಲ್ಲ. 'ಒಂದ ಉಳದೈತಿ ಅಂತೀರಿ, ಸರ್. ಆ ಒಂದು ಒಂದು ಕೂಸಿನ ಕೈಯಾಗ ಐತಿ' ಎಂದರು, ನಾನು ಸಮಾಧಾನ ಹೇಳಹೋದಾಗ.

ಹೋದ ಭಾನುವಾರ ಟ್ರ್ಯಾಕ್ಟರ್ ಡ್ರೈವರೊಬ್ಬ ಸುಳಿವು ಕೊಟ್ಟ. ಮರುದಿನ, ಅಂದರೆ ಆ ಸೋಮವಾರ ಬೆಳಿಗ್ಗೆ, ಇಬ್ಬರೂ ರಜೆ ಹಾಕಿ, ಕಾಗವಾಡದಾಚೆ ಕಡಿದ ಗದ್ದೆಯ ಅಂಚಿನಲ್ಲಿದ್ದ ಗುಡಿಸಲುಗಳಿಗೆ ಹೋದೆವು. ಹುಡುಗಿ ಇದ್ದಳು. ಹತ್ತೂ ಬೆರಳು ಇದ್ದವು. ಸುಗಂಧಾಬಾಯಿ ಮೊದಲು ಅವಳ ಎರಡೂ ಅಂಗೈ ತಿರುಗಿಸಿ ನೋಡಿದರು. ಬಜರನ್ನು ಅವಳು ಮಾಡಿದ್ದಳು, ಹಳೆಯ ಸೆಲ್ಲಿನಿಂದ. ಚಿತ್ರ ನೋಡಿ ದಾರಿ ತಪ್ಪಲಿಲ್ಲವೇ ಎಂದರೆ, 'ಬೋರ್ಡ್ ನಮಗೆಲ್ಲೈತ್ರಿ?' ಎಂದಳು. ಗುಡಿಸಲಿಗೆ ಕರೆಂಟೇ ಇರಲಿಲ್ಲ.

ಇನ್ನು ನಡೆಯಿರಿ, ಬಸ್ಸಿಗೆ ಹೊತ್ತಾಯಿತು ಎಂದೆ ನಾನು. ಮಕ್ಕಳಿಗಾಗಿ ಏನನ್ನಾದರೂ ಮಾಡುವವರಲ್ಲಿ ಇಂಥವರು ಕೆಲವರಿರುತ್ತಾರೆ. ಅಪಾಯ ತಪ್ಪಿತೆಂದು ಉಳಿದವರು ಉಸಿರು ಬಿಡುವಲ್ಲಿ ಅವರಿಗೆ ಮುಂದಿನ ಅಪಾಯ ಕಾಣುತ್ತದೆ. ಅಂಥವರ ಜೊತೆ ಬದುಕುವುದು ಕಷ್ಟ. ಅವರಿಲ್ಲದ ಕಡೆ ಮಕ್ಕಳು ಬದುಕುವುದು ಇನ್ನೂ ಕಷ್ಟ.

'ನಾಳೆ ಇವರಿಗೂ ಮನಿ ಆಗತೈತ್ರಿ, ಸರ್' ಎಂದರು. ನೆಲದ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ, ಗೋಂದು ಸವರಿ ಚೀಟಿ ಅಂಟಿಸಿದರು. ನಾಲ್ಕೂ ಮೂಲೆ ಒಣಗುವವರೆಗೆ ಹೆಬ್ಬೆರಳು ತೆಗೆಯಲಿಲ್ಲ.